ಗಾಡಿಯ ಎಣ್ಣೆ ಪೈಪು ನಾವೇ ಬಿಚ್ಚಿದರೆ ಕೇಸಾಗುತ್ತದಾ?

"ಯಾರು ಬಿಚ್ಚ್ಯಾರ್ರೀ ಇದನ್ನ?"

ರಾಯಚೂರಿನ ಒಂದು ಗ್ಯಾರೇಜು. ನನ್ನ ಹಳೆಯ ಮಾರುತಿ ಓಮ್ನಿಯ ಕೆಳಗೆ ಅಂಗಾತ ಮಲಗಿದ್ದ ಮೆಕ್ಯಾನಿಕ್ ಅಲ್ಲಿಂದಲೇ ಕೇಳಿದ.

"ನಾನೇ" ಅಂದೆ.

"ಪೆಟ್ರೋಲ್ ಲೈನು ಹಂಗೆಲ್ಲಾ ಮನ್ಯಾಗ ಬಿಚ್ಚಂಗಿಲ್ರಿ. ಕಾನೂನು ಅದ. ಆರ್‌ಟಿಓದಾಗ ಗೊತ್ತಾದ್ರ ಕೇಸಾಗ್ತದ. ಮುಂದಿನ ತಿಂಗಳು ಆರ್‌ಸಿ ರಿನೀವಲ್ ಬ್ಯಾರೆ ಅದ ಅಂತೀರಿ..."

ಇದು 2024ರ ಹತ್ತಿ ಬಿಡಿಸುವ ಸುಗ್ಗಿಯ ಮಾತು. ಮೊದಲು ನಕ್ಕುಬಿಟ್ಟೆ. ಕೂರಿಗೆ, ಕುಂಟೆ, ಪಂಪ್‌ಸೆಟ್ಟು, ಟ್ರ್ಯಾಕ್ಟರು ಎಲ್ಲ ನಾವೇ ಬಿಚ್ಚಿ ಕಟ್ಟಿಕೊಂಡು ಬಂದವರು. ಮನೆಯ ಗಾಡಿಗೆ ಪಾನಾ ಹಾಕಿದರೆ ಕೇಸೇ? ಆದರೆ ಗಬ್ಬೂರಿಗೆ ಬಂದು ರಾತ್ರಿ ಮಲಗಿದಾಗ ನಗು ಉಳಿಯಲಿಲ್ಲ. ಗಾಡಿ 2009ರ ಕೊನೆಗೆ ನೋಂದಣಿಯಾದದ್ದು. ಹದಿನೈದು ವರ್ಷ ತುಂಬಿದ ಮೇಲೆ ಆರ್‌ಟಿಓ ಕಚೇರಿಗೆ ಒಯ್ದು ತೋರಿಸಿ ಆರ್‌ಸಿ ನವೀಕರಿಸಲೇಬೇಕು. ನಾನು ಬಿಚ್ಚಿದ್ದು ನಿಜಕ್ಕೂ ತಪ್ಪಾಗಿದ್ದರೆ? "ಎಲ್ಲಾ ನಾವು ನೋಡ್ಕೋತೀವಿ, ಸ್ವಲ್ಪ ಖರ್ಚು ಬರ್ತದ" ಎಂದು ಗ್ಯಾರೇಜಿನವನು ಹೇಳಿದ ಮೊತ್ತ ಒಂದು ಎಕರೆ ಹತ್ತಿ ಬಿಡಿಸುವ ಕೂಲಿಯಷ್ಟಿತ್ತು.

ಆ ಮೊತ್ತ ಕೊಡುವ ಮೊದಲು ನಾಲ್ಕು ಜನರನ್ನು ಕೇಳಿಯೇ ಬಿಡೋಣ ಅಂತ ಹೊರಟೆ. ಕೇಳಿ ತಿಳಿದದ್ದು, ಕಾನೂನಿನ ಪುಸ್ತಕ ಇಸಿದುಕೊಂಡು ಓದಿದ್ದು, ಕೈ ಸುಟ್ಟುಕೊಂಡು ಕಲಿತದ್ದು ಎಲ್ಲ ಸೇರಿಸಿ ಇಲ್ಲಿ ಬರೆದಿದ್ದೇನೆ. ನಮ್ಮ ಹಾಗೆ ಹಳೆಯ ಗಾಡಿ, ಹಳೆಯ ಟ್ರ್ಯಾಕ್ಟರ್ ಇಟ್ಟುಕೊಂಡವರಿಗೆ ಉಪಯೋಗವಾದೀತು.

ನಾನು ಮಾಡಿದ್ದೇನು?

ಮೊದಲು ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ಓಮ್ನಿಯಲ್ಲಿ ಎಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ. ಪೆಟ್ರೋಲ್ ಎಲ್ಲಾದರೂ ಜಿನುಗಿದರೆ ವಾಸನೆ ನೇರ ಮೂಗಿಗೇ. ಆ ಸೆಪ್ಟೆಂಬರಿನಲ್ಲಿ ವಾಸನೆ ಶುರುವಾಯಿತು. ಬಾನೆಟ್ಟು ಅನ್ನುವುದೇ ಇಲ್ಲದ ಗಾಡಿ, ಸೀಟು ಎತ್ತಿ ನೋಡಿದೆ. ಒಂದು ರಬ್ಬರ್ ಪೈಪು ಎರೆಹೊಲದ ಹಾಗೆ ಬಿರುಕು ಬಿಟ್ಟಿತ್ತು. ಮನೆಯಲ್ಲಿ ಔಷಧ ಹೊಡೆಯುವ ಪಂಪಿನ ಪೈಪಿನ ತುಂಡಿತ್ತು. ಅಳತೆ ಸರಿಯಾಯಿತು. ಕತ್ತರಿಸಿ ಹಾಕಿ ಕ್ಲಿಪ್ಪು ಬಿಗಿದೆ. ಎಂಟು ದಿನ ಚೆನ್ನಾಗಿ ಓಡಿತು. ಒಂಬತ್ತನೆಯ ದಿನ ದೇವದುರ್ಗದಿಂದ ಬರುವಾಗ ಮತ್ತೆ ವಾಸನೆ, ಈ ಸಲ ಮೊದಲಿಗಿಂತ ಜೋರು. ನಿಲ್ಲಿಸಿ ನೋಡಿದರೆ ನಾನು ಹಾಕಿದ ಪೈಪು ಊದಿಕೊಂಡು ಮೆತ್ತಗಾಗಿತ್ತು. ಬಿಸಿ ಎಂಜಿನ್ನಿನ ಮಗ್ಗುಲಲ್ಲೇ ಪೆಟ್ರೋಲ್ ತೊಟ್ಟಿಕ್ಕುತ್ತಿತ್ತು. ಹಿಂದಿನ ಸೀಟಿನಲ್ಲಿ ಅವ್ವ ಕುಳಿತಿದ್ದಳು.

ಅವ್ವನನ್ನು ಇಳಿಸಿ ಬಸ್ಸು ಹತ್ತಿಸಿದೆ. ಗಾಡಿಯನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿದ್ದಾಯಿತು. ಹೀಗೆ ಗ್ಯಾರೇಜಿಗೆ ಬಂದದ್ದು.

ಔಷಧಿ ಪೈಪು ನೀರಿಗೆಂದು ಮಾಡಿದ್ದು, ಪೆಟ್ರೋಲಿಗೆ ನಿಲ್ಲುವುದಿಲ್ಲ. ಅದರಲ್ಲೂ ಇಂಜೆಕ್ಷನ್ ಇರುವ ಗಾಡಿಯಲ್ಲಿ ಪೆಟ್ರೋಲು ತಾನಾಗಿ ಇಳಿದು ಬರುವುದಲ್ಲ. ಟ್ಯಾಂಕಿನೊಳಗಿನ ಕರೆಂಟು ಪಂಪು ಅದನ್ನು ಒತ್ತಿ ಕಳಿಸುತ್ತದೆ. ಎಂಜಿನ್ ಆರಿಸಿದ ಮೇಲೂ ಪೈಪಿನಲ್ಲಿ ಒತ್ತಡ ಉಳಿದಿರುತ್ತದೆ. ಹಳೆಯ ಕಾರ್ಬೊರೇಟರ್ ಗಾಡಿಯ ಅಭ್ಯಾಸದಲ್ಲಿ ಕ್ಲಿಪ್ಪು ಸಡಿಲಿಸಿದರೆ ಮುಖಕ್ಕೇ ಚಿಮ್ಮುತ್ತದೆ. ಇಂಜೆಕ್ಷನ್ ಗಾಡಿಗೆಂದೇ ಮಾಡಿದ ಪೈಪು, ಅದಕ್ಕೆಂದೇ ಇರುವ ಕ್ಲಿಪ್ಪು ಅಂಗಡಿಯಲ್ಲಿ ಸಿಗುತ್ತವೆ. ಬೆಲೆಯೂ ಬಹಳವಿಲ್ಲ. ಆಲಸ್ಯ ನನ್ನದು.

ಇನ್ನೊಂದು ಮಾತು. ಈಗ ಬಂಕಿನಲ್ಲಿ ಹಾಕುವ ಪೆಟ್ರೋಲು ಹಿಂದಿನದಲ್ಲ. ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್ ಸೇರಿಸಿದ ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆ ಮಾಡಿದ್ದು. 2025ರ ಹೊತ್ತಿಗೆ ಅದು ದೇಶದ ಎಲ್ಲ ಕಡೆ ಬಂತು. ಕಬ್ಬು, ಮೆಕ್ಕೆಜೋಳ ಬೆಳೆಯುವವರಿಗೆ ಇದರಿಂದ ಮಾರುಕಟ್ಟೆ ಆಯಿತು, ಒಳ್ಳೆಯದೇ. ಆದರೆ ಅದಕ್ಕಿಂತ ಮೊದಲು ತಯಾರಾದ ಗಾಡಿಗಳ ಕೆಲವು ರಬ್ಬರುಗಳಿಗೆ ಎಥೆನಾಲ್ ಆಗಿ ಬರುವುದಿಲ್ಲ. ಎಥೆನಾಲ್ ನೀರನ್ನೂ ಎಳೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ಮೂಲೆಯಲ್ಲಿ ನಿಲ್ಲುವ ಪವರ್ ಸ್ಪ್ರೇಯರು, ಕಳೆ ಕೊಯ್ಯುವ ಯಂತ್ರ ಇದ್ದವರು ಹಂಗಾಮು ಮುಗಿದ ಕೂಡಲೇ ಟ್ಯಾಂಕ್ ಖಾಲಿ ಮಾಡಿಟ್ಟರೆ ಕಾರ್ಬೊರೇಟರ್ ಉಳಿಯುತ್ತದೆ.

ಕಾನೂನು ಏನು ಹೇಳುತ್ತದೆ?

ಅಕ್ಕನ ಮಗ ದೇವದುರ್ಗದಲ್ಲಿ ವಕೀಲಿ ಮಾಡುತ್ತಾನೆ. ಅವನ ಹತ್ತಿರ ಹೋದೆ. ವಿಷಯ ಕೇಳಿ ಅವನೂ ನಕ್ಕ. "ಮಾವ, ತನ್ನ ಗಾಡಿ ತಾನು ರಿಪೇರಿ ಮಾಡಬಾರದು ಅಂತ ಕಾನೂನಿನಾಗ ಎಲ್ಲೂ ಇಲ್ಲ. ಬದಲಿ ಮಾಡಬಾರದು ಅಂತ ಅದ. ಇವೆರಡರ ನಡುವಿನ ಗೆರಿ ನೋಡ್ಕೋಬೇಕು" ಅಂದ.

ಮೋಟಾರು ವಾಹನ ಕಾಯ್ದೆ 1988ರದ್ದು. ಅದರ 52ನೇ ಕಲಂ ಹೇಳುವುದು ಇಷ್ಟು: ಕಂಪನಿಯವರು ಹೇಗೆ ಮಾಡಿ ಕೊಟ್ಟಿದ್ದಾರೋ, ಆರ್‌ಸಿಯಲ್ಲಿ ಏನು ಬರೆದಿದೆಯೋ, ಅದಕ್ಕೆ ಭಿನ್ನವಾಗುವ ಹಾಗೆ ಮಾಲೀಕ ಗಾಡಿಯನ್ನು ಬದಲಿಸಕೂಡದು. 2019ರಲ್ಲಿ ಈ ಕಾಯ್ದೆಗೆ ತಿದ್ದುಪಡಿ ಬಂತು. ಆಗ ಸೇರಿದ 182ಎ ಕಲಮಿನ ಪ್ರಕಾರ, ಅನುಮತಿಯಿಲ್ಲದೆ ಬದಲಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಅಥವಾ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಎರಡೂ. ಅದೇ ವರ್ಷದ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದ ಒಂದು ಪ್ರಕರಣದಲ್ಲಿ ಇದನ್ನೇ ಖಡಾಖಂಡಿತವಾಗಿ ಹೇಳಿತ್ತು.

ಹಾಗಾದರೆ ದುರಸ್ತಿ ಯಾವುದು, ಬದಲಿ ಯಾವುದು? ಅಳಿಯನಿಗೆ ನಾನೇ ಉದಾಹರಣೆ ಕೊಟ್ಟೆ. ಕುಂಟೆಯ ಸವೆದ ಕುಡ ತೆಗೆದು ಅದೇ ಅಳತೆಯ ಹೊಸ ಕುಡ ಹಾಕಿದರೆ ಕುಂಟೆ ಕುಂಟೆಯೇ. ಅದಕ್ಕೇ ಬಟ್ಟಲು ಕಟ್ಟಿ ಬಿತ್ತಲು ಹೊರಟರೆ ಅದು ಬೇರೆ ಸಾಮಾನು. "ಅಷ್ಟೇ ಮಾವ" ಅಂದ. ಒಡೆದ ಪೆಟ್ರೋಲ್ ಪೈಪು ತೆಗೆದು ಅದೇ ಜಾತಿಯ ಪೈಪು ಹಾಕುವುದು, ಫಿಲ್ಟರ್ ಬದಲಿಸುವುದು, ಟ್ಯಾಂಕ್ ತೊಳೆಯುವುದು, ಕಾರ್ಬೊರೇಟರ್ ಬಿಚ್ಚಿ ಊದುವುದು, ಪಂಪು ಸುಟ್ಟರೆ ಅದೇ ನಮೂನೆಯ ಪಂಪು ಕೂರಿಸುವುದು ಎಲ್ಲ ದುರಸ್ತಿ. ಅಂಗಳದಲ್ಲಿ ನೀವೇ ಮಾಡಿ, ಮೆಕ್ಯಾನಿಕ್ ಮಾಡಲಿ, ಕಾನೂನಿಗೆ ಭೇದವಿಲ್ಲ. ಊರವರ ಗಾಡಿಗಳನ್ನು ದುಡ್ಡು ತೆಗೆದುಕೊಂಡು ಮಾಡಲು ಕುಳಿತರೆ ಮಾತ್ರ ಅದು ಧಂದೆ, ಪಂಚಾಯಿತಿಯ ಅನುಮತಿ ಕೇಳಬೇಕಾಗುತ್ತದೆ.

ಪೆಟ್ರೋಲ್ ಗಾಡಿಗೆ ಗ್ಯಾಸ್ ಕೂರಿಸುವುದು ಬದಲಿ. ಇದಕ್ಕೆ ಅವಕಾಶವೇ ಇಲ್ಲ ಅಂತಲ್ಲ. ಮಂಜೂರಾದ ಕಿಟ್ಟು ಇರಬೇಕು, ಅದನ್ನು ಕೂರಿಸಲು ಅಧಿಕಾರ ಪಡೆದ ವರ್ಕ್‌ಶಾಪಿನಲ್ಲೇ ಕೂರಿಸಬೇಕು, ಆರ್‌ಸಿಯಲ್ಲಿ ಬರೆಸಬೇಕು. ಮನೆಯಲ್ಲಿ ಕೂರಿಸುವ ಹಾಗಿಲ್ಲ. ಗಾಡಿಯ ಇಂಧನದ ವಿಷಯದಲ್ಲಿ ನಿಜಕ್ಕೂ "ಮನೆಯಲ್ಲಿ ಮಾಡಬಾರದು" ಎಂದು ಇರುವುದು ಇಲ್ಲಿಯೇ.

ಈ ಮಾತು ಬಂದಾಗ ನನಗೆ ಎದೆ ಧಸಕ್ಕೆಂದಿತು. ಈ ಗಾಡಿ ನಾನು 2019ರಲ್ಲಿ ಕೊಂಡದ್ದು ಎರಡನೇ ಕೈಯಿಂದ. ಹಿಂದಿನ ಸೀಟಿನ ಕೆಳಗೆ ಎರಡು ಕಬ್ಬಿಣದ ಪಟ್ಟಿ, ಒಂದು ತೆಳ್ಳಗಿನ ತಾಮ್ರದ ಕೊಳವೆ ಹಾಗೇ ಇದ್ದವು. ಏನೋ ಇರಲಿ ಅಂತ ಬಿಟ್ಟಿದ್ದೆ. ಮನೆಗೆ ಬಂದು ಅಡುಗೆಮನೆಯ ಸಿಲಿಂಡರ್ ತಂದು ಆ ಪಟ್ಟಿಯೊಳಗೆ ಇಟ್ಟು ನೋಡಿದೆ. ಅಳತೆ ಮಾಡಿ ಹೊಲಿದ ಅಂಗಿಯ ಹಾಗೆ ಕೂತಿತು! ಹಿಂದಿನ ಮಾಲೀಕ 14.2 ಕೆ.ಜಿ.ಯ ಅಡುಗೆ ಸಿಲಿಂಡರ್ ಇಟ್ಟು ಓಡಿಸಿದ್ದ. ಅಡುಗೆ ಗ್ಯಾಸನ್ನು ಗಾಡಿಗೆ ಬಳಸುವುದು ಶುದ್ಧ ಅಪರಾಧ. ಗಾಡಿಗೆಂದೇ ಇರುವ ಗ್ಯಾಸನ್ನು, ಗಾಡಿಗೆಂದೇ ಮಾಡಿದ ಟ್ಯಾಂಕಿಗೆ, ಅದರ ಬಂಕಿನಲ್ಲೇ ತುಂಬಿಸಬೇಕೆಂದು 2001ರಲ್ಲೇ ಕೇಂದ್ರ ಸರ್ಕಾರದ ಆದೇಶ ಬಂದಿದೆ. ಐದು ವರ್ಷ ನಾನು ಈ ಪಟ್ಟಿಗಳ ಮೇಲೆ ಮಕ್ಕಳನ್ನು ಕೂರಿಸಿಕೊಂಡು ತಿರುಗಿದ್ದೆ. ಅವತ್ತೇ ಪಟ್ಟಿ, ಕೊಳವೆ ಕಿತ್ತು ಗುಜರಿಗೆ ಹಾಕಿದೆ. ಎರಡನೇ ಕೈ ಗಾಡಿ ಕೊಳ್ಳುವವರು ಸೀಟು ಎತ್ತಿ ನೋಡಿಯೇ ಕೊಳ್ಳಿರಿ.

ಹೊಗೆಯ ಲೆಕ್ಕ ಬೇರೆ. ಸೈಲೆನ್ಸರ್ ಸಾಲಿನಲ್ಲಿರುವ ಜಾಲರಿ ಡಬ್ಬಿಯನ್ನು (ಹೊಗೆ ಶುದ್ಧ ಮಾಡುವಂಥದ್ದು) ಕೆಲವರು "ಗಾಡಿ ಎಳಿಯಂಗಿಲ್ಲ" ಅಂತ ಕೊರೆದು ಖಾಲಿ ಮಾಡಿಸುತ್ತಾರೆ. ಗಾಡಿ ಹಾಗೆ ರಸ್ತೆಗೆ ಬಂದು ಹೊಗೆಯ ಮಿತಿ ಮೀರಿದರೆ 190ನೇ ಕಲಂ. ಮೊದಲ ಸಲಕ್ಕೇ ಮೂರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ ಎಂದಿದೆ. ನನ್ನಂಥ ಹಳೆಯ ಗಾಡಿಗೆ ಆರು ತಿಂಗಳಿಗೊಮ್ಮೆ ಹೊಗೆ ತಪಾಸಣೆ ಆಗಲೇಬೇಕು. ನೀವು ಮಾಡಿದ ರಿಪೇರಿ ಸರಿಯಿದೆಯೋ ಇಲ್ಲವೋ ಅಲ್ಲಿಯೇ ಗೊತ್ತಾಗುತ್ತದೆ.

ಮನೆಯಲ್ಲಿ ಎಷ್ಟು ಇಡಬಹುದು?

ರಿಪೇರಿ ಅಂದಮೇಲೆ ಟ್ಯಾಂಕಿನ ಎಣ್ಣೆ ಇಳಿಸಬೇಕು, ಎಲ್ಲಾದರೂ ಇಡಬೇಕು. ನಮ್ಮ ಕಡೆ ಹಂಗಾಮಿನಲ್ಲಿ ಎಲ್ಲರ ಮನೆಯಲ್ಲೂ ಒಂದು ಡ್ರಮ್ಮು ಡೀಸೆಲ್ ಇದ್ದೇ ಇರುತ್ತದೆ. "ಪೊಲೀಸರು ಹಿಡೀತಾರ" ಎಂಬ ಹೆದರಿಕೆಯೂ ಅದರ ಜೊತೆಗೇ. ಇದಕ್ಕೆ 1934ರ ಪೆಟ್ರೋಲಿಯಂ ಕಾಯ್ದೆ ಇದೆ. ಬ್ರಿಟಿಷರ ಕಾಲದ್ದಾದರೂ ಇವತ್ತಿಗೂ ಅದೇ.

ಡೀಸೆಲ್ ಅದರಲ್ಲಿ ಬಿ ದರ್ಜೆ. ಒಂದು ಜಾಗದಲ್ಲಿ ಒಟ್ಟು 2,500 ಲೀಟರ್ ಮೀರದೆ, ಯಾವ ಒಂದು ಪಾತ್ರೆಯೂ 1,000 ಲೀಟರಿಗಿಂತ ದೊಡ್ಡದಲ್ಲದೆ ಇದ್ದರೆ ಲೈಸೆನ್ಸ್ ಬೇಡ. ನಮ್ಮ ಇನ್ನೂರು ಲೀಟರಿನ ಡ್ರಮ್ಮು ಹನ್ನೆರಡು ಇಟ್ಟರೂ ಮಿತಿಯೊಳಗೇ. ಅಷ್ಟು ಇಡಲು ದುಡ್ಡು ಯಾರ ಹತ್ತಿರ ಇದೆ ಹೇಳಿ!

ಪೆಟ್ರೋಲ್ ಎ ದರ್ಜೆ, ಬಹಳ ಬಿಗಿ. ಮಾರಾಟಕ್ಕಲ್ಲದೆ ಸ್ವಂತಕ್ಕೆ 30 ಲೀಟರ್ ತನಕ ಲೈಸೆನ್ಸ್ ಇಲ್ಲದೆ ಇಡಬಹುದು. ಕಾಗದಪತ್ರ ಸರಿಯಿರುವ ಗಾಡಿಯ ಮಾಲೀಕ, ಇಲ್ಲವೇ ಒಂದೆಡೆ ಕೂರಿಸಿದ ಎಂಜಿನ್ನಿನ ಮಾಲೀಕನಾದರೆ, ಅದರ ಬಳಕೆಗೆಂದು ಟ್ಯಾಂಕಿನಲ್ಲಿರುವುದನ್ನು ಬಿಟ್ಟು 100 ಲೀಟರ್ ತನಕ ಇಡಬಹುದು. ಎಷ್ಟೇ ಗಾಡಿಯಿದ್ದರೂ ನೂರೇ. ಆದರೆ ಮೂವತ್ತು ದಾಟಿತೋ, ಜನ ಇರುವ, ಕೆಲಸ ಮಾಡುವ ಕೋಣೆಗೆ ಸಂಪರ್ಕವೇ ಇಲ್ಲದ ಪ್ರತ್ಯೇಕ ಜಾಗದಲ್ಲಿಡಬೇಕು. ಪಾತ್ರೆಯ ಬಗ್ಗೆಯೂ ಹೇಳಿದೆ: ಗಾಜು ಅಥವಾ ಜೇಡಿಯದಾದರೆ ಒಂದು ಲೀಟರ್ ಮೀರಬಾರದು, ಲೋಹದ್ದಾದರೆ 25 ಲೀಟರ್ ಮೀರಬಾರದು, ಬಿರಡೆ ಭದ್ರವಾಗಿರಬೇಕು. ಪ್ಲಾಸ್ಟಿಕ್ ಎಂಬ ಹೆಸರೇ ಆ ಸಾಲಿನಲ್ಲಿಲ್ಲ. ಬಂಕಿನವರು ನೀರಿನ ಬಾಟಲಿಗೆ ಪೆಟ್ರೋಲ್ ಹಾಕುವುದಿಲ್ಲ ಎಂದಾಗ ನಾವು ಜಗಳ ಮಾಡುತ್ತೇವಲ್ಲ, ತಪ್ಪು ನಮ್ಮದೇ. ಇನ್ನು ಹಳ್ಳಿ ಅಂಗಡಿಗಳ ಮುಂದೆ ಬಾಟಲಿಯಲ್ಲಿಟ್ಟು ಮಾರುವ ಪೆಟ್ರೋಲಿಗೆ ಈ ಯಾವ ವಿನಾಯಿತಿಯೂ ಇಲ್ಲ.

2021ರ ಬೇಸಿಗೆ

ಇಷ್ಟೆಲ್ಲ ಓದಿದ ಮೇಲೆ ನನಗೆ ನೆನಪಾದದ್ದು ನಮ್ಮ ಮನೆಯಲ್ಲೇ ನಡೆದ ಘಟನೆ. ಬರೆಯಬಾರದು ಅಂದುಕೊಂಡಿದ್ದೆ. ಅಣ್ಣನ ಮಗನೇ "ಬರಿ ಕಾಕಾ, ಹೆಸರು ಹಾಕಬ್ಯಾಡ" ಅಂದ.

ಆಗ ಅವನಿಗೆ ಹತ್ತೊಂಬತ್ತು. ಸಂಜೆ ಹೊತ್ತು, ಪಡಸಾಲೆಯಲ್ಲಿ ಬೈಕಿನ ಕಾರ್ಬೊರೇಟರ್ ಬಿಚ್ಚಿ ಕುಳಿತಿದ್ದೆವು. ಟ್ಯಾಂಕಿನಲ್ಲಿದ್ದ ಎರಡು-ಮೂರು ಲೀಟರ್ ಪೆಟ್ರೋಲನ್ನು ಬಾಯಿ ತೆರೆದ ಪ್ಲಾಸ್ಟಿಕ್ ಟಬ್ಬಿಗೆ ಇಳಿಸಿದ್ದೆವು. ಬಿಡಿ ಸಾಮಾನು ಅದರಲ್ಲೇ ಅದ್ದಿ ತೊಳೆಯುವುದು. ಬೆಂಕಿ ಹತ್ತಿರವಿಲ್ಲ ಅಂತ ನೋಡಿಕೊಂಡೇ ಕುಳಿತಿದ್ದೆವು. ನೀರೊಲೆ ಇದ್ದದ್ದು ಅಂಗಳದ ಆಚೆ ಮೂಲೆಯಲ್ಲಿ, ಹನ್ನೆರಡು-ಹದಿಮೂರು ಅಡಿ ದೂರ. ಪಡಸಾಲೆಗಿಂತ ಒಂದು ಮೆಟ್ಟಿಲು ತಗ್ಗು.

ಆ ತಗ್ಗೇ ನಮ್ಮನ್ನು ಸುಟ್ಟಿತು. ಪೆಟ್ರೋಲಿನ ಆವಿ ಗಾಳಿಗಿಂತ ಮೂರು-ನಾಲ್ಕು ಪಟ್ಟು ಭಾರ. ಹೊಗೆಯ ಹಾಗೆ ಮೇಲೆ ಹೋಗುವುದಿಲ್ಲ, ಕಾಲುವೆ ನೀರಿನ ಹಾಗೆ ನೆಲ ಹಿಡಿದು ತಗ್ಗಿಗೆ ಹರಿಯುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಅಂದು ಗಾಳಿಯೂ ಇರಲಿಲ್ಲ. ಆವಿ ಮೆಟ್ಟಿಲಿಳಿದು ಒಲೆಗೆ ಹೋಗಿ ಮುಟ್ಟಿದೆ. ಒಲೆಯಿಂದ ಬೆಂಕಿ ಅದೇ ದಾರಿಯಲ್ಲಿ ನೆಲದ ಮೇಲೆ ಓಡಿ ಬಂದದ್ದನ್ನು ನಾನು ನೋಡಿದೆ. ಎದ್ದು ನಿಲ್ಲುವಷ್ಟರಲ್ಲಿ ಟಬ್ಬು ಹೊತ್ತಿತ್ತು. ಗಾಬರಿಯಲ್ಲಿ ನಾನು ಕೊಡದ ನೀರು ಸುರಿದೆ. ಅದು ಇನ್ನೂ ದೊಡ್ಡ ತಪ್ಪು. ಪೆಟ್ರೋಲು ನೀರಿನ ಮೇಲೆ ತೇಲಿ, ಬೆಂಕಿ ಸಮೇತ ಹುಡುಗನ ಕಾಲ ಕೆಳಗೆ ಹರಿಯಿತು.

ಅತ್ತಿಗೆ ಒದ್ದೆ ಮಾಡಿದ ಗೋಣಿಚೀಲ ತಂದು ಮುಚ್ಚಿದಳು. ಅದರಿಂದ ಆರಿತು. ಯಾರೋ ಸುಟ್ಟ ಕಾಲಿಗೆ ಟೂತ್‌ಪೇಸ್ಟ್ ಬಳಿದರು. ರಾಯಚೂರಿನ ಆಸ್ಪತ್ರೆಯಲ್ಲಿ ಡಾಕ್ಟರು ಅದನ್ನು ತೊಳೆದು ತೆಗೆಯುವಾಗ ಹುಡುಗ ಕೂಗಿದ್ದು ಹೊರಗೆ ನಿಂತ ನಮಗೆ ಕೇಳುತ್ತಿತ್ತು. "ಇಪ್ಪತ್ತು ನಿಮಿಷ ಬರೀ ತಣ್ಣೀರು ಹರಿಸಿದ್ರೆ ಸಾಕಿತ್ತು, ಏನೂ ಹಚ್ಚಬಾರದಿತ್ತು" ಎಂದರು. ಹನ್ನೊಂದು ದಿನ ಆಸ್ಪತ್ರೆ. ಎರಡೂ ಮೊಣಕಾಲಿನ ಕೆಳಗೆ ಕಲೆ ಇದೆ. ಅವನು ಇವತ್ತಿಗೂ ಲುಂಗಿ ಮೊಣಕಾಲಿನ ಮೇಲೆ ಎತ್ತಿ ಕಟ್ಟುವುದಿಲ್ಲ.

ಈಗ ಕಾನೂನಿನ ಲೆಕ್ಕ ಹಾಕಿ ನೋಡಿ. ಗಾಡಿ ನಮ್ಮದು. ಕೆಲಸ ಶುದ್ಧ ದುರಸ್ತಿ. ಪೆಟ್ರೋಲು ಮೂವತ್ತಲ್ಲ, ಮೂರು ಲೀಟರು. ಟಬ್ಬೊಂದು ಬಿಟ್ಟರೆ ನಾವು ಯಾವ ಕಲಮನ್ನೂ ಮುರಿದಿರಲಿಲ್ಲ. ಗ್ಯಾರೇಜಿನವನು ಕೇಸಿನ ಹೆದರಿಕೆ ಹಾಕಿದ ಹಾಗೆ ಈ ಆವಿಯ ವಿಷಯ ಆಗ ಯಾರಾದರೂ ಹೇಳಿದ್ದರೆ ಆ ಹನ್ನೊಂದು ದಿನ ಇರುತ್ತಿರಲಿಲ್ಲ.

ಡೀಸೆಲ್ ಹತ್ತುವುದಿಲ್ಲ ಅನ್ನುವವರಿಗೆ

"ಡೀಸೆಲ್‌ಗೆ ಕಡ್ಡಿ ಗೀರಿ ಹಾಕಿದ್ರೂ ಆರ್ತದ" ಎನ್ನುವವರು ನಮ್ಮ ಕಟ್ಟೆಯ ಮೇಲೆ ಬೇಕಾದಷ್ಟು ಜನ. ತಂಪು ಹೊತ್ತಿನಲ್ಲಿ ಇರಬಹುದು. ಬೆಂಕಿ ತೋರಿಸಿದರೆ ಭಗ್ಗೆನ್ನುವಷ್ಟು ಆವಿ ಯಾವ ಉಷ್ಣದಲ್ಲಿ ಏಳುತ್ತದೆ ಎಂಬುದಕ್ಕೆ ಒಂದು ಅಳತೆ ಇದೆ. ನಮ್ಮ ದೇಶದ ಮಾನಕದ ಪ್ರಕಾರ ಡೀಸೆಲ್‌ಗೆ ಅದು ಕನಿಷ್ಠ 35 ಡಿಗ್ರಿ ಇದ್ದರೆ ಸಾಕು. ರಾಯಚೂರಿನ ಮೇ ತಿಂಗಳು ಎಷ್ಟು? ನೆರಳಿನಲ್ಲೇ ನಲವತ್ತು ದಾಟುತ್ತದೆ. ಬಿಸಿಲಲ್ಲಿ ನಿಂತ ಕಬ್ಬಿಣದ ಡ್ರಮ್ಮು ಮುಟ್ಟಲೂ ಆಗುವುದಿಲ್ಲ. ನಮ್ಮ ಬೇಸಿಗೆಯಲ್ಲಿ ಡೀಸೆಲ್ ಡ್ರಮ್ಮನ್ನು ಪೆಟ್ರೋಲ್ ಎಂದೇ ತಿಳಿಯಬೇಕು. ನಾನು ಡ್ರಮ್ಮನ್ನು ಕಣಕಿ ಬಣವಿಯ ಪಕ್ಕದಿಂದ ತೆಗೆದು ಬೇವಿನ ಮರದ ನೆರಳಿಗೆ ಹಾಕಿದ್ದು ಈ ಲೆಕ್ಕ ತಿಳಿದ ಮೇಲೆ.

ಟ್ರ್ಯಾಕ್ಟರಿನ ಎಣ್ಣೆ ದಾರಿ ಗೊತ್ತಿದ್ದರೆ ಅರ್ಧ ಕಾಯಿಲೆ ಮನೆಯಲ್ಲೇ ವಾಸಿ. ಟ್ಯಾಂಕ್, ಕೆಳಗೆ ನೀರು-ಕಸ ನಿಲ್ಲುವ ಬಟ್ಟಲು, ಫೀಡ್ ಪಂಪು, ಎರಡು ಫಿಲ್ಟರು, ಪಂಪು, ಅಲ್ಲಿಂದ ಉಕ್ಕಿನ ಸಣ್ಣ ಪೈಪುಗಳಲ್ಲಿ ನೋಸಲ್. ಉಳುವಾಗ ಗಕ್ಕನೆ ನಿಂತರೆ ನೂರಕ್ಕೆ ಎಂಬತ್ತು ಸಲ ಗಾಳಿ ಹಿಡಿದಿರುತ್ತದೆ, ಇಲ್ಲವೇ ನೀರು ಬಂದಿರುತ್ತದೆ (ಇದು ನನ್ನ ಅಂದಾಜು). ಫಿಲ್ಟರಿನ ಮೇಲಿನ ತಿರುಪು ಸಡಿಲಿಸಿ, ಫೀಡ್ ಪಂಪಿನ ಕೈಯಾಡಿಸಿ, ನೊರೆ ನಿಂತು ತಿಳಿ ಎಣ್ಣೆ ಬರುವವರೆಗೆ ಬಿಟ್ಟು ಬಿಗಿಯುವುದು. ಇದನ್ನು ಕಲಿಯದ ಟ್ರ್ಯಾಕ್ಟರ್ ಮಾಲೀಕ ಮೆಕ್ಯಾನಿಕ್ ಬರುವ ತನಕ ಹದ ಕಳೆದುಕೊಂಡು ಹೊಲದಲ್ಲೇ ಕೂರಬೇಕು. ರಾತ್ರಿ ನಿಲ್ಲಿಸುವಾಗ ಟ್ಯಾಂಕ್ ತುಂಬಿಸಿಟ್ಟರೆ ಒಳಗೆ ಇಬ್ಬನಿ ನೀರು ಕೂಡುವುದು ಕಡಿಮೆ.

ಅಲ್ಲಿಂದ ಮುಂದೆ ಮಾತ್ರ ನಿಲ್ಲಿಸಿ. ನೋಸಲ್ಲಿನಿಂದ ಚಿಮ್ಮುವ ಡೀಸೆಲ್ ಹಳೆಯ ಟ್ರ್ಯಾಕ್ಟರುಗಳಲ್ಲೇ ಇನ್ನೂರು ಕೆ.ಜಿ. ಒತ್ತಡದ್ದು. ಬೆರಳು ಅಡ್ಡ ಹಿಡಿದು ನೋಡುವ ಚಾಳಿ ಕೆಲವರಿಗೆ. ಅದು ಚರ್ಮ ತೂರಿ ಒಳಗೆ ಹೋಗುತ್ತದೆ. ಮುಳ್ಳು ಚುಚ್ಚಿದಷ್ಟೇ ಗಾಯ ಕಾಣುತ್ತದೆ, ರಕ್ತವೂ ಬರಲಿಕ್ಕಿಲ್ಲ. ತಡ ಮಾಡಿದರೆ ಬೆರಳೇ ಹೋದೀತು, ಆ ಗಳಿಗೆಯೇ ಆಸ್ಪತ್ರೆಗೆ ಹೋಗಬೇಕು. 2023ರ ಜನವರಿಯಿಂದ 50 ಎಚ್‌ಪಿ ಮೀರಿದ ಹೊಸ ಟ್ರ್ಯಾಕ್ಟರುಗಳಿಗೆ ಹೊಗೆಯ ಹೊಸ ನಿಯಮ ಬಂದಿದೆ. ಅವುಗಳಲ್ಲಿ ಕಂಪ್ಯೂಟರ್ ನಡೆಸುವ ಪಂಪು ಬರುತ್ತಿದೆ, ಒತ್ತಡ ಸಾವಿರ ಕೆ.ಜಿ. ಮೀರುತ್ತದೆ. ಅಂಥದ್ದರ ಉಕ್ಕಿನ ಪೈಪಿಗೆ ಮನೆಯ ಪಾನಾ ಬೇಡವೇ ಬೇಡ.

ಪಂಪಿನ ಸೀಲು ಒಡೆದು "ಎಣ್ಣಿ ಜಾಸ್ತಿ" ಮಾಡಿಸಿ ಕಪ್ಪು ಹೊಗೆ ಉಗುಳುತ್ತ ಓಡಿಸುವುದು ದುರಸ್ತಿಯಲ್ಲ. ಎಳೆಯುವುದು ಸ್ವಲ್ಪ ಹೆಚ್ಚಾದರೂ ಡೀಸೆಲ್ಲೂ ಎಂಜಿನ್ನೂ ಅದಕ್ಕೆ ಬೆಲೆ ಕಟ್ಟುತ್ತವೆ. ಹಿಂದೆ ರೇಷನ್ನಿನ ನೀಲಿ ಸೀಮೆಎಣ್ಣೆ ಬೆರೆಸುವುದೂ ಇತ್ತು. ಅದು ಅಡುಗೆಗೆ, ದೀಪಕ್ಕೆ ಮಾತ್ರ ಎಂದು 1993ರ ಆದೇಶವೇ ಇದೆ.

ವಾರಂಟಿ ಬೇರೆ, ಅಪರಾಧ ಬೇರೆ

ಮೆಕ್ಯಾನಿಕ್‌ನ ಮಾತಿನಲ್ಲಿ ಒಂದು ಎಳೆ ಸತ್ಯವಿತ್ತು ಅಂತ ನನಗೆ ಆಮೇಲೆ ಹೊಳೆಯಿತು. ಹೊಸ ಗಾಡಿಯ ವಾರಂಟಿ ಇರುವಾಗ ಹೊರಗೆ ಬಿಚ್ಚಿದರೆ ಕಂಪನಿಯವರು ಆ ಭಾಗಕ್ಕೆ ವಾರಂಟಿ ಕೊಡುವುದಿಲ್ಲ ಎನ್ನಬಹುದು. ಅದು ನಿಮ್ಮ ಮತ್ತು ಕಂಪನಿಯ ನಡುವಿನ ಕರಾರು. ಪೊಲೀಸ್ ಕೇಸಲ್ಲ. ಈ ಎರಡನ್ನೂ ಕಲಸಿ ಹೆದರಿಸುವುದು ನಡೆದೇ ಇದೆ. ವಿಮೆಯೂ ಹಾಗೆಯೇ: ಗ್ಯಾಸ್ ಕಿಟ್ಟಿನಂಥ ಬದಲಾವಣೆ ಮಾಡಿ ವಿಮೆಯವರಿಗೆ ತಿಳಿಸದಿದ್ದರೆ ಪರಿಹಾರದ ಹೊತ್ತಿಗೆ ತಕರಾರು.

ರಿಪೇರಿ ಯಾರ ಹಕ್ಕು ಎಂಬ ಜಗಳ ನಮ್ಮದೊಂದೇ ಅಲ್ಲ. ಅಮೆರಿಕದಲ್ಲಿ ರೈತರು ಜಾನ್ ಡಿಯರ್ ಟ್ರ್ಯಾಕ್ಟರುಗಳ ಕಂಪ್ಯೂಟರ್ ಬೀಗದ ವಿರುದ್ಧ ವರ್ಷಗಟ್ಟಲೆ ಹೊಡೆದಾಡಿದರು. 2023ರಲ್ಲಿ ಕೊಲೊರಾಡೊ ರಾಜ್ಯ ಕೃಷಿ ಯಂತ್ರ ದುರಸ್ತಿಯ ಹಕ್ಕಿಗೆ ಕಾನೂನೇ ಮಾಡಿತು. 2025ರ ಜನವರಿಯಲ್ಲಿ ಅಲ್ಲಿನ ಕೇಂದ್ರ ವ್ಯಾಪಾರ ಆಯೋಗ ಆ ಕಂಪನಿಯ ಮೇಲೆ ದಾವೆ ಹೂಡಿತು. ನಮ್ಮಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2022ರ ಜುಲೈನಲ್ಲಿ ಒಂದು ಸಮಿತಿ ಮಾಡಿತು. ಡಿಸೆಂಬರ್ 24ರಂದು ರಿಪೇರಿ ಮಾಹಿತಿಯ ತಾಣ ತೆರೆಯಿತು. ಅವರು ಆರಿಸಿಕೊಂಡ ನಾಲ್ಕು ವಿಭಾಗಗಳಲ್ಲಿ ಕೃಷಿ ಉಪಕರಣ ಒಂದು, ಮೋಟಾರು ವಾಹನ ಇನ್ನೊಂದು. ಬಿಡಿಭಾಗ, ಕೈಪಿಡಿ, ಬೆಲೆ ಎಲ್ಲ ಮಾಲೀಕನಿಗೆ ಗೊತ್ತಾಗಬೇಕೆಂಬುದು ಉದ್ದೇಶ. ನಮ್ಮ ಭಾಷೆಯಲ್ಲಿ ಒಂದು ಕೈಪಿಡಿ ಸಿಕ್ಕರೆ ಅದೇ ದೊಡ್ಡದು.

ಆರ್‌ಟಿಓದಲ್ಲಿ

ಸರಿಯಾದ ಪೈಪು, ಕ್ಲಿಪ್ಪು ತಂದು ನಾನೇ ಹಾಕಿದೆ. ಅಣ್ಣನ ಮಗ ಪಕ್ಕದಲ್ಲಿ ನಿಂತು ಒಂದೊಂದೇ ಹೇಳಿ ಮಾಡಿಸಿದ. ಗಾಡಿ ತಳ್ಳಿಕೊಂಡು ಬಯಲಿಗೆ. ಒಲೆ ಆರಿಸಿದ್ದು ನೋಡಿಕೊಂಡ. ಪೆಟ್ರೋಲ್ ಪಂಪಿನ ಫ್ಯೂಸ್ ಕಿತ್ತು, ಎಂಜಿನ್ ತಾನೇ ನಿಲ್ಲುವ ತನಕ ಓಡಿಸಿ ಒತ್ತಡ ಇಳಿಸಿದ. ಆಮೇಲೆ ಬ್ಯಾಟರಿಯ ತಂತಿ ಬಿಚ್ಚಿ, ಎಂಜಿನ್ ತಣ್ಣಗಾಗಲೆಂದು ಒಂದು ತಾಸು ಕೂರಿಸಿದ. ಮೊಬೈಲು ದೂರ ಇಡಿಸಿದ. ಇಳಿದ ಪೆಟ್ರೋಲು ಮುಚ್ಚಳವಿದ್ದ ತಗಡಿನ ಡಬ್ಬಿಗೆ. ಕೆಲಸ ಮುಗಿದ ಮೇಲೆ ಫ್ಯೂಸ್ ಹಾಕಿ, ಬರೀ ಕೀಲಿ ತಿರುಗಿಸಿ ಪಂಪು ಓಡಿಸಿ, ಪೈಪಿನ ಸುತ್ತ ಒಣ ಬಟ್ಟೆ ಸವರಿ ನೋಡಿದ. ಒದ್ದೆಯಿಲ್ಲ ಅಂದ ಮೇಲೆಯೇ ಎಂಜಿನ್ ಚಾಲೂ.

ಹೊಗೆ ತಪಾಸಣೆ ಮಾಡಿಸಿಕೊಂಡು ರಾಯಚೂರಿನ ಆರ್‌ಟಿಓ ಕಚೇರಿಗೆ ಹೋದೆ. ಇನ್ಸ್‌ಪೆಕ್ಟರು ಚಾಸಿಸ್ ನಂಬರ್ ನೋಡಿದರು, ಬ್ರೇಕು, ಲೈಟು ನೋಡಿದರು, ಸೀಟು ಎತ್ತಿಸಿದರು. ತಡೆಯಲಾರದೆ ನಾನೇ ಬಾಯಿ ಬಿಟ್ಟೆ. "ಸರ್, ಪೆಟ್ರೋಲ್ ಪೈಪು ನಾನೇ ಬಿಚ್ಚಿ ಹಾಕೀನಿ. ಏನಾರ ತ್ರಾಸು ಅದ ಏನ್ರಿ?"

ಅವರು ತಲೆಯೆತ್ತಿ ನೋಡಿದರು. "ಯಾರು ಬಿಚ್ಚಿದ್ರು ಅಂತ ನಮಗ ಬೇಕಾಗಿಲ್ಲ. ಈಗ ಹ್ಯಾಂಗ ಅದ ಅನ್ನೋದು ಬೇಕು. ಗ್ಯಾಸ್ ಕಿಟ್ ಏನೂ ಇಲ್ಲ ಹೌದಿಲ್ಲ?"

"ಇಲ್ರಿ" ಅಂದೆ. ತಿಂಗಳ ಹಿಂದೆ ಕೇಳಿದ್ದರೆ ಏನು ಹೇಳುತ್ತಿದ್ದೆನೋ!

ಆರ್‌ಸಿ ಐದು ವರ್ಷಕ್ಕೆ ನವೀಕರಣವಾಯಿತು. ಪೈಪು, ಕ್ಲಿಪ್ಪಿಗೆ ನನಗೆ ಆದ ಖರ್ಚು ಒಂದು ಆಳಿನ ಒಂದು ದಿನದ ಕೂಲಿಗಿಂತ ಕಡಿಮೆ. ಆ ಗ್ಯಾರೇಜಿಗೆ ಈಗಲೂ ಹೋಗುತ್ತೇನೆ. ನೋಸಲ್ ಪರೀಕ್ಷೆ ಮಾಡುವ ಯಂತ್ರ ಅವರ ಹತ್ತಿರವಿದೆ, ನನ್ನ ಹತ್ತಿರ ಇಲ್ಲ.

ಬೇವಿನ ಮರಕ್ಕೆ ಅಣ್ಣನ ಮಗ ಎರಡು ಬಕೆಟ್ ಮರಳು, ಒಂದು ಗೋಣಿಚೀಲ ತೂಗುಹಾಕಿದ್ದಾನೆ. ಮೊದಲು ನೆಲದ ಮೇಲಿಟ್ಟಿದ್ದ. ಕೋಳಿಗಳು ಅದರಲ್ಲೇ ಹೊರಳಾಡಿ ಮರಳೆಲ್ಲ ಚೆಲ್ಲುತ್ತಿದ್ದವು. ವಾರಕ್ಕೊಮ್ಮೆ ತುಂಬುವುದೇ ಒಂದು ಕೆಲಸವಾಗಿತ್ತು.